ಅಂಚಿಗೊಂದು ಹಳದಿ ದಾರ

ನಮ್ಮ ಅತ್ತೆ ಸೊಂಟದ ಚೀಲದಿಂದ ಹಳದಿ ದಾರ ಹೊರಗೆ ತೆಗೆದಳೆಂದರೆ ನಮ್ಮ ಓಣಿಯ ಅರ್ಧ ಬಾಗಿಲುಗಳು ಮುಚ್ಚಿಕೊಳ್ಳುತ್ತವೆ! ಸುಳ್ಳಲ್ಲ. ಇಚಲಕರಂಜಿಯಲ್ಲಿ ಪೊಲೀಸರಿಗೆ ಹೆದರದವರಿದ್ದಾರೆ, ಸೇಠಜಿಗೆ ಹೆದರದವರಿದ್ದಾರೆ, ಹೆಂಡತಿಗೆ ಹೆದರದವರೂ ಒಬ್ಬಿಬ್ಬರು ಇದ್ದಾರಂತೆ. ಆದರೆ ನಮ್ಮ ಅತ್ತೆ ಕಣ್ಣು ಸಣ್ಣದು ಮಾಡಿ "ಒಂಚೂರ ನಿಂದ್ರ, ನೋಡ್ತೇನಿ" ಎಂದಾಗ ಎದೆ ಝಲ್ಲೆನ್ನದವರನ್ನು ನಾನಿನ್ನೂ ಕಂಡಿಲ್ಲ.

ಮೊದಲು ಈ ದಾರದ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅತ್ತೆಯನ್ನು ಮಾಟ ಮಾಡುವವಳು ಎಂದುಕೊಂಡುಬಿಡುತ್ತೀರಿ. (ಹಾಗೆ ಅಂದುಕೊಂಡವರೂ ಇದ್ದಾರೆ. ಅವರ ವಿಷಯ ಮುಂದೆ ಬರುತ್ತದೆ.) ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಗಡಹಿಂಗ್ಲಜ ಕಡೆಯ ಹಳ್ಳಿಯಿಂದ ಹರೆಯದಲ್ಲೇ ಇಚಲಕರಂಜಿಗೆ ಬಂದು, ಮಗ್ಗದ ಕಾರಖಾನೆಯೊಂದರ ಫೋಲ್ಡಿಂಗ್ ಖಾತೆಯಲ್ಲಿ, ಅಂದರೆ ಬಟ್ಟೆ ಪರೀಕ್ಷಿಸಿ ಮಡಿಸುವ ವಿಭಾಗದಲ್ಲಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಿಂತು ಕೆಲಸ ಮಾಡಿದವಳು. ಮಗ್ಗದಿಂದ ಇಳಿದ ತಾಕಾ, ಅಂದರೆ ಬಟ್ಟೆಯ ಉದ್ದನೆಯ ಸುರುಳಿ, ಅವಳ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತ ಹೋಗುತ್ತಿತ್ತು. ಎಲ್ಲಿ ಎಳೆ ತಪ್ಪಿದೆ, ಎಲ್ಲಿ ಗಂಟು ಬಿದ್ದಿದೆ, ಎಲ್ಲಿ ಎಣ್ಣೆ ಕಲೆ ಕೂತಿದೆ, ಹುಡುಕುವುದು ಅವಳ ಕೆಲಸ. ತಪ್ಪು ಕಂಡಾಗ ಬಟ್ಟೆಯ ಮೇಲೆ ಏನೂ ಬರೆಯುವಂತಿಲ್ಲ. ತಪ್ಪಿನ ನೇರಕ್ಕೆ, ಬಟ್ಟೆಯ ಅಂಚಿಗೆ, ಒಂದು ದಾರದ ತುಂಡು ಕಟ್ಟಬೇಕು. ಮುಂದಿನ ಮೇಜಿನ ಹೆಂಗಸು ಅಂಚಿನ ಮೇಲೆ ಬೆರಳಾಡಿಸುತ್ತ ಬಂದು, ದಾರ ಸಿಕ್ಕಲ್ಲಿ ನಿಂತು, ಸೂಜಿಯಿಂದ ತಪ್ಪು ಸರಿಮಾಡಿ, ದಾರ ಕತ್ತರಿಸಿ ಮುಂದೆ ಹೋಗುತ್ತಾಳೆ. ಇಷ್ಟೇ ವಿದ್ಯೆ.

ಅತ್ತೆ ಕಾರಖಾನೆ ಬಿಟ್ಟಳು. ದಾರ ಬಿಡಲಿಲ್ಲ! ನಮ್ಮ ಮನೆಗೆ ಬಂದು ನೋಡಿ. ಒಂದು ಕಾಲು ಕುಂಟುವ ಕುರ್ಚಿಗೆ ಹಳದಿ ದಾರ. ಹತ್ತು ನಿಮಿಷ ಮುಂದೆ ಓಡುವ ಗಡಿಯಾರಕ್ಕೆ ದಾರ. ತೂತು ದೊಡ್ಡದಾದ ಜರಡಿಗೆ, ಕಿವಿ ಮುರಿದ ಕಪ್ಪಿಗೆ, ಹಿಡಿ ಸಡಿಲಾದ ಛತ್ರಿಗೆ ದಾರ. ಹಾಲಿನವನ ಕ್ಯಾನಿಗೆ ಕಟ್ಟಿದ ದಾರದ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ಆತ ಇನ್ನೂ ನಮಗೆ ಹಾಲು ಹಾಕುತ್ತಿದ್ದಾನೆ. ಮೊದಲಿಗಿಂತ ಗಟ್ಟಿಯಾಗಿಯೇ ಹಾಕುತ್ತಿದ್ದಾನೆ.

ಒಮ್ಮೆ ಚಂದಗಡಕ್ಕೆ ಎಸ್‌ಟಿ ಬಸ್ಸಿನಲ್ಲಿ ಹೊರಟಿದ್ದೆವು. ಅತ್ತೆಯ ಸೀಟಿನ ರೆಕ್ಸಿನ್ ಹರಿದು ಸ್ಪಂಜು ಹೊರಗೆ ಇಣುಕುತ್ತಿತ್ತು. ಬಸ್ಸು ಆಜರೆಯನ್ನು ದಾಟುವ ಹೊತ್ತಿಗೆ ಸೀಟಿಗೊಂದು, ಮುಚ್ಚದ ಕಿಟಕಿಗೊಂದು, ಗಂಟೆಯ ಹಗ್ಗಕ್ಕೊಂದು ದಾರ ಬಿದ್ದಾಗಿತ್ತು. ಕಂಡಕ್ಟರ್ ಬಂದು ಕಣ್ಣು ಅಗಲಿಸಿದ. "ಮಾವಶಿ, ಹೇ ಕಾಯ?" ಇದೇನು ಎಂದು.

"ಕಾಹೀ ನಾಹೀ ಬಾಳಾ, ಏನಿಲ್ಲ ತಗೋ," ಎಂದಳು ಅತ್ತೆ. "ಮುಂದ ರಿಪೇರಿಯವ ಬರ್ತಾನಲ್ಲ, ಅವಂಗ ಹುಡುಕೂ ತ್ರಾಸ ಬ್ಯಾಡ ಅಂತ."

ಮೂರು ತಿಂಗಳ ನಂತರ ಅದೇ ಬಸ್ಸು ನಮಗೆ ಮತ್ತೆ ಸಿಕ್ಕಿತು. ಸೀಟು ಹಾಗೇ ಹರಿದಿತ್ತು, ಕಿಟಕಿ ಹಾಗೇ ತೆರೆದಿತ್ತು. ಆದರೆ ಮೂರೂ ದಾರಗಳಿಗೆ ಯಾರೋ ಭಕ್ತಿಯಿಂದ ಅರಿಸಿನ ಕುಂಕುಮ ಹಚ್ಚಿ, ಊದಿನಕಡ್ಡಿ ಸಿಗಿಸಿದ್ದರು! ಅತ್ತೆ ಹಣೆ ಹಣೆ ಬಡಿದುಕೊಂಡಳು. "ಕೈ ಮುಗ್ಯಾಕ ಬರ್ತೈತಿ, ಸೂಜಿ ಹಿಡ್ಯಾಕ ಬರಂಗಿಲ್ಲ" ಎಂದು ಚಂದಗಡದವರೆಗೂ ಗೊಣಗಿದಳು.

ಆಮೇಲೆ ನನ್ನನ್ನು ನೋಡಲು ಮುರಗೂಡದಿಂದ ಗಂಡಿನವರು ಬಂದರು. ಕಾಂದಾಪೋಹೆ ಅವಲಕ್ಕಿ ಆಯಿತು, ಚಹಾ ಆಯಿತು, ಹುಡುಗ ನೆಲ ನೋಡಿದ, ನಾನು ಗೋಡೆ ನೋಡಿದೆ, ಎಲ್ಲ ರೀತಿ ಪ್ರಕಾರ ನಡೆಯಿತು. ಅತ್ತೆ ಪ್ಲೇಟು ಎತ್ತುವ ನೆಪದಲ್ಲಿ ಹುಡುಗನ ಹಿಂದೆ ಎರಡು ಸಲ ಸುಳಿದಾಡಿದಾಗಲೇ ನನಗೆ ತಿಳಿಯಬೇಕಿತ್ತು. ಅವರು ಕಾಗಲ ಮುಟ್ಟುವಷ್ಟರಲ್ಲಿ ಫೋನ್ ಬಂತು. ಹುಡುಗನ ತಾಯಿ. "ಅಲ್ರೀ, ನಮ್ಮ ಮಗನ ಕಾಲರಿಗೆ ಹಳದಿ ದಾರ ಯಾರ ಕಟ್ಟ್ಯಾರ?"

"ನಾನ ಕಟ್ಟೇನ್ರಿ," ಎಂದಳು ಅತ್ತೆ, ಅಗದೀ ಶಾಂತವಾಗಿ. "ಹುಡುಗ ಭಾಳ ಛಲೋ ಅದಾನ. ಒಂದ ಸಣ್ಣ ತಪ್ಪೈತಿ ನೋಡ್ರಿ, ಕೇಳಿದ್ದಕ್ಕೆಲ್ಲಾ ನೀವ ಉತ್ತರಾ ಕೊಟ್ರಿ. ರಿಪೇರಿ ಆಗತೈತಿ, ಕಾಳಜಿ ಮಾಡಬ್ಯಾಡ್ರಿ."

ಸಂಬಂಧ ಮುರಿಯಿತೆಂದು ಬೇರೆ ಹೇಳಬೇಕೆ? ಹುಡುಗ ದಾನೋಳಿಯ ಹುಡುಗಿಯನ್ನು ಮದುವೆಯಾದ. ವರ್ಷದ ನಂತರ ಆ ಹುಡುಗಿಯೇ ಎಲ್ಲಿಂದಲೋ ನಂಬರ್ ಹುಡುಕಿ ಅತ್ತೆಗೆ ಫೋನ್ ಮಾಡಿದಳು. "ಅಜ್ಜಿ, ಆ ದಾರ ಇನ್ನೊಂದ ಇದ್ರ ಕಳಸ್ರಿ!"

ಒಂದು ದಿನ ನಾನು ಕೇಳಿಯೇಬಿಟ್ಟೆ. "ಯಾಕ ಬೇ ಅತ್ತಿ, ಊರ ಮಂದಿಗೆಲ್ಲಾ ದಾರಾ ಕಟ್ಟಿದಿ. ನನಗ ಒಂದರ ಕಟ್ಟೀ ಏನ? ನನ್ನಾಗ ತಪ್ಪ ಇಲ್ಲೇನ?"

"ನಿನ್ನಾಗ? ಗಾಡಿ ತುಂಬ ಅದಾವ."

"ಮತ್ತ?"

"ನೇದವರ ತಮ್ಮ ತಾಕಾ ತಾವ ಚೆಕ್ ಮಾಡಬಾರದು. ಖಾತೇದ ನೇಮ. ಕಣ್ಣಿಗೆ ಕಾಣಂಗಿಲ್ಲ."

ನಾನು ನಕ್ಕು ಮರೆತೆ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ತೀರಿಹೋಗಿದ್ದಳು, ಅಪ್ಪ ಲಾರಿ ಓಡಿಸುತ್ತ ಊರೂರು ತಿರುಗುತ್ತಿದ್ದ. ಅತ್ತೆ ಹಳ್ಳಿಗೆ ಬಂದು, ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಇಚಲಕರಂಜಿಯ ಬಸ್ಸು ಹತ್ತಿದ್ದಳು. ಅವಳು ಮದುವೆಯಾಗಲೇ ಇಲ್ಲ. ಯಾಕೆಂದು ಯಾರಾದರೂ ಕೇಳಿದರೆ "ನೋಡಾಕ ಬಂದ ಗಂಡಸರಿಗೆಲ್ಲಾ ಕಟ್ಟಿ ಕಟ್ಟಿ ದಾರಾನ ತೀರ್ತು" ಎಂದುಬಿಡುತ್ತಿದ್ದಳು. ಕೇಳಿದವರು ತಮ್ಮ ಕಾಲರ್ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ತಪ್ಪು ಹುಡುಕುವ ಅತ್ತೆಯಲ್ಲೂ ಒಂದು ತಪ್ಪು ಬೆಳೆಯುತ್ತಿತ್ತು. ಫೋಲ್ಡಿಂಗ್ ಖಾತೆಯ ಗೋಡೆಯಾಚೆಗೇ ಮಗ್ಗಗಳು. ಮೂವತ್ತು ವರ್ಷ ಆ ಖಟಖಟ ಕೇಳಿದ ಕಿವಿಗಳು ಸುಮ್ಮನಿರುತ್ತವೆಯೇ? ಬಲಗಿವಿ ಬಹುತೇಕ ಹೋಗಿತ್ತು. ಅವಳಿಗೆ ಏನಾದರೂ ಹೇಳಬೇಕೆಂದರೆ ಸುತ್ತು ಹಾಕಿ ಎಡಕ್ಕೆ ಹೋಗಬೇಕು. ಕೊಲ್ಹಾಪುರದಲ್ಲಿ ಕಿವಿಯ ಡಾಕ್ಟರಿಗೆ ತೋರಿಸಿದೆ. ಎಡಗಿವಿಯೂ ಹೋಗುವ ದಾರಿಯಲ್ಲಿದೆ, ಬೇಗ ಎರಡೂ ಕಿವಿಗೆ ಮಷೀನು ಹಾಕಿಸಿ ಎಂದರು. ಮಗ್ಗದ ಕೆಲಸ ಮಾಡಿದವರಿಗೆ ಒಂದು ಟ್ರಸ್ಟಿನವರು ಆರೋಗ್ಯ ಕಾರ್ಡು ಕೊಡುತ್ತಿದ್ದಾರೆ, ಆ ಕಾರ್ಡಿದ್ದರೆ ಒಳ್ಳೆಯ ಮಷೀನೇ ಸಿಗುತ್ತದೆ, ಅರ್ಜಿ ಮಾತ್ರ ಮೊಬೈಲಿನಲ್ಲೇ ತುಂಬಬೇಕು ಎಂದೂ ಹೇಳಿದರು. ನಾನು ಜೋರಾಗಿ ನಕ್ಕೆ. ಡಾಕ್ಟರು ಗಾಬರಿಯಾದರು.

ನಗದೆ ಏನು ಮಾಡಲಿ? ಆ ಅರ್ಜಿಯ ಫಾರ್ಮ್ ಮಾಡುತ್ತಿದ್ದವಳೇ ನಾನು!

ನನ್ನ ಕೆಲಸ ಹೇಳಿದರೆ ನೀವೂ ನಗುತ್ತೀರಿ. ವೆಬ್‌ಸೈಟಿನಲ್ಲಿ ಫಾರ್ಮ್ ತುಂಬುವಾಗ ನೀವು ಏನಾದರೂ ಎಡವಟ್ಟು ಮಾಡಿದರೆ 'ತಪ್ಪಾಗಿದೆ' ಎಂದು ಒಂದು ಸಾಲು ಬರುತ್ತದಲ್ಲ? ಆ ಸಾಲಿಗೆ ಸೀರೆ ಉಡಿಸಿ ಕುಂಕುಮ ಇಟ್ಟು ನಿಮ್ಮೆದುರು ನಿಲ್ಲಿಸುವವಳು ನಾನು. ಅದರ ಬಣ್ಣ ಯಾವುದು, ಅಕ್ಷರ ಎಷ್ಟು ದಪ್ಪ, ಅದು ಎಲ್ಲಿ ಕೂರಬೇಕು, ಯಾವಾಗ ಎದ್ದು ಬರಬೇಕು, ಎಲ್ಲ ನನ್ನದೇ. ಕೊಲ್ಹಾಪುರದಲ್ಲಿ ನಮ್ಮ ಸಾಹೇಬರ ಎರಡು ಕೋಣೆಯ ಕಚೇರಿ, ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತೇನೆ. ಉಳಿದ ದಿನ ಮನೆಯಿಂದಲೇ ಕೆಲಸ. ಈ ಕಾರ್ಡಿನ ಫಾರ್ಮ್‌ ಅನ್ನು ಸಾಹೇಬರು ಮೊದಲ ಸಲ ಪೂರ್ತಿ ನನಗೊಬ್ಬಳಿಗೇ ಒಪ್ಪಿಸಿದ್ದರು. ಪ್ರಶ್ನೆಗಳೂ ನನ್ನವು, ನಿಯಮಗಳೂ ನನ್ನವು.

ನಾನು ಸುಮ್ಮನೆ ಬಿಡುತ್ತೇನೆಯೇ? ಕೊಲ್ಹಾಪುರದ ಖಾರದ ಸಾರು ತಾಂಬಡಾ ರಸ್ಸಾದ ಕೆಂಪು ಬಣ್ಣ ಆರಿಸಿದೆ. ದಪ್ಪ ಚೌಕಟ್ಟು. ಮೂಲೆಯಲ್ಲಿ ಉದ್ಗಾರ ಚಿಹ್ನೆ ಹೊತ್ತ ತ್ರಿಕೋನ. ತಪ್ಪು ಮಾಡಿ ಗುಂಡಿ ಒತ್ತಿದರೆ ಇಡೀ ಪುಟ ಗಡಗಡ ನಡುಗುವ ಹಾಗೆ ಮಾಡಿದೆ. ತಪ್ಪುಗಳ ಪಟ್ಟಿಯೆಲ್ಲ ಪುಟದ ನೆತ್ತಿಯ ಮೇಲೆ, 'ಅಮಾನ್ಯ! ಮಾಹಿತಿ ತಪ್ಪಾಗಿದೆ!' ಎಂದು. ಮಾಡಿ ಮುಗಿಸಿ, ದೂರದಿಂದ ನೋಡಿ, ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಪರೀಕ್ಷೆ ಮಾಡಲು ನಾನೂ ಅತ್ತೆಯೂ ಅವಳ ಹಳೆಯ ಫೋಲ್ಡಿಂಗ್ ಖಾತೆಗೇ ಹೋದೆವು. ಊಟದ ಬಿಡುವು. ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಮೊದಲನೆಯವಳು ಹೆಸರು ಬರೆದಳು, ಮೊಬೈಲ್ ನಂಬರ್ ಬರೆದಳು, ಗುಂಡಿ ಒತ್ತಿದಳು. ಪುಟ ಕೆಂಪಾಗಿ ನಡುಗಿತು. ಆಕೆ ಫೋನನ್ನು ಮೆಲ್ಲಗೆ ನೆಲಕ್ಕಿಟ್ಟು ಅದಕ್ಕೇ ಕೈ ಮುಗಿದಳು. "ನಾ ಏನೂ ಮಾಡಿಲ್ಲರೀ! ಬರೇ ಮುಟ್ಟೇನ್ರಿ!" ಎರಡನೆಯವಳು ಫೋನು ಸಿಡಿಯುತ್ತದೆಂದು ನೀರಿನ ತಂಬಿಗೆ ತಂದಳು. ಎಲ್ಲರಿಗಿಂತ ಹಿರಿಯ ಹೆಂಗಸು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಫೋನು ನನ್ನ ಕೈಗೆ ವಾಪಸು ಕೊಟ್ಟು ರೊಟ್ಟಿ ಮುರಿದಳು. "ಕಾರ್ಡ್ ಬ್ಯಾಡ ಬಿಡವ್ವಾ. ಇಷ್ಟೆಲ್ಲಾ ಬೈಸ್ಕೊಂಡ ಕಾರ್ಡ್ ಯಾಕ ತಗೋಬೇಕ? ಬೈಸ್ಕೊಳ್ಳಾಕ ಮನ್ಯಾಗ ಫುಕಟ ಸಿಗತೈತಿ."

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದು ನೋಡುತ್ತೇನೆ, ಅದರ ಅಂಚಿಗೆ ಹಳದಿ ದಾರ! ಒಂದಲ್ಲ, ಮೂರು!

"ಏನಾತ ಬೇ ಅತ್ತಿ?" ಎಂದೆ, ಎಡಗಿವಿಯ ಕಡೆಗೆ ಹೋಗಿ.

"ಆ ಹೆಣ್ಮಗಳ ಎಲ್ಲಿ ತಪ್ಪಿದ್ಲು?"

"ಮೊಬೈಲ್ ನಂಬರಿನಾಗ."

"ಅದ ಎಲ್ಲೈತಿ?"

"ಕೆಳಗ ಐತಿ."

"ನೀ ಎಲ್ಲಿ ನಿಂತ ಒದರಾಕತ್ತಿ?"

"ಮ್ಯಾಲ."

"ತಾಕಾದ ನಡುವ ತೂತ ಬಿದ್ರ ಕಾರಖಾನಿ ಬಾಗಲಕ್ಕ ದಾರಾ ಕಟ್ತಾರೇನ?"

ಅತ್ತೆ ಎರಡನೆಯ ದಾರಕ್ಕೆ ಬಂದಳು. "ಈ ಕೆಂಪ ಯಾಕ?"

"ತಪ್ಪಂದ್ರ ಜಗತ್ತಿನಾಗ ಎಲ್ಲಾರೂ ಕೆಂಪ ಹಾಕ್ತಾರ ಬೇ."

ಆಗ ಅತ್ತೆ ಹೇಳಿದ ಕಥೆ ಇದು. ಅವಳು ಖಾತೆಗೆ ಸೇರಿದ ಹೊಸದರಲ್ಲಿ ದಾರದ ಪದ್ಧತಿ ಅಲ್ಲಿರಲಿಲ್ಲ. ಒಬ್ಬ ಮುಕಾದಮ, ಅಂದರೆ ಮೇಸ್ತ್ರಿ, ಇದ್ದ, ಅವನ ಕಿವಿಯ ಸಂದಿಯಲ್ಲಿ ಒಂದು ಕೆಂಪು ಪೆನ್ಸಿಲು. ತಪ್ಪು ಕಂಡಲ್ಲಿ ಬಟ್ಟೆಯ ಮೇಲೆಯೇ ದೊಡ್ಡ ಗೆರೆ ಎಳೆದು, ತಾಕಾವನ್ನು ಎತ್ತಿ ಹಿಡಿದು, ನೇದವನನ್ನು ಎಲ್ಲರ ಮುಂದೆ ಕರೆಸಿ ನಿಲ್ಲಿಸುತ್ತಿದ್ದ. ನೇದವನು ತಲೆ ತಗ್ಗಿಸಿ ಮಗ್ಗಕ್ಕೆ ಮರಳುತ್ತಿದ್ದ, ಕೈ ನಡುಗುತ್ತಿತ್ತು, ಮುಂದಿನ ತಾಕಾದಲ್ಲಿ ಇನ್ನೂ ಎರಡು ತಪ್ಪು ಜಾಸ್ತಿ. ಗೆರೆಯೂ ಹೋಗುತ್ತಿರಲಿಲ್ಲ, ಬಟ್ಟೆಯೂ ಕೆಡುತ್ತಿತ್ತು. ಒಂದು ದಿನ ಆ ಪೆನ್ಸಿಲು ಕಾಣೆಯಾಯಿತು. ಮರುದಿನ ಹೊಸದು ಬಂತು, ಅದೂ ಕಾಣೆಯಾಯಿತು. ನೂಲಿಗೆ ಹಚ್ಚುವ ಗಂಜಿಯ ಹಂಡೆಯ ತಳ ತೊಳೆದಾಗ ಹನ್ನೊಂದು ಪೆನ್ಸಿಲು ಸಿಕ್ಕವಂತೆ! ಅಷ್ಟರಲ್ಲಿ ಅತ್ತೆ ಬೇರೆ ಕಾರಖಾನೆಯ ಪದ್ಧತಿ ನೋಡಿ ಬಂದು ಹಳದಿ ದಾರ ಶುರು ಮಾಡಿದ್ದಳು, ಮುಕಾದಮನಿಗೂ ಅದೇ ರೂಢಿಯಾಗಿತ್ತು.

"ಮೂರನೇ ದಾರಾ ಯಾಕ?" ಎಂದು ಕೇಳಿದೆ.

"ಅಮಾನ್ಯ ಅಂತ ಬರದಿ. ಆಕಿ ಏನ ಮಾಡಬೇಕ ಅದನ್ನ ಓದಿ? ಅಳಬೇಕ? ಎಲ್ಲಿ ಕಡಿಮಿ, ಎಷ್ಟ ಕಡಿಮಿ, ಅಷ್ಟ ಹೇಳ. ಹೇಳಿ ಬಾಯಿ ಮುಚ್ಚ."

ನನಗೆ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಎರಡು ಚಹಾ ಕುಡಿದ ಮೇಲೆ ಇಳಿಯಿತು. ಅತ್ತೆ ಹೇಳಿದ್ದು ಸರಿಯಾಗಿತ್ತು. ಆದರೆ ಸಾಹೇಬರು ಒಪ್ಪಬೇಕಲ್ಲ? ವಾರದ ದಿನ ಕೊಲ್ಹಾಪುರಕ್ಕೆ ಹೊರಟರೆ ಅತ್ತೆ ಹೊಸ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು, ಸೊಂಟದಲ್ಲಿ ಚೀಲ.

ಸಾಹೇಬರು ಮೇಜಿನ ಮೇಲೆ ಕೆಂಪು ಸಾರಿನ ಮಿಸಳ ಇಟ್ಟುಕೊಂಡು ನಾಷ್ಟಾ ಮಾಡುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ತಲೆ ಆಡಿಸಿದರು. "ಎರರ್ ಮ್ಹಣಜೆ ಲಾಲಚ! ಲೋಕಾಂನಾ ಭೀತಿ ವಾಟಲೀ ಪಾಹಿಜೆ." ತಪ್ಪು ಎಂದರೆ ಕೆಂಪೇ, ಜನಕ್ಕೆ ಹೆದರಿಕೆ ಇರಬೇಕು ಎಂದರ್ಥ.

ಅತ್ತೆ ಕೈ ಮುಗಿದಳು. "ಸಾಹೇಬ್ರ, ನೀವ ಒಮ್ಮಿ ಈ ಫಾರ್ಮ್ ಭರಾ ಮಾಡಿ ತೋರಸ್ರಿ. ನಾ ಶಾಣ್ಯಾಕಿ ಅಲ್ಲ, ನೋಡಿ ಕಲೀತೇನಿ."

ಸಾಹೇಬರು ಎಡಗೈಯಲ್ಲಿ ಚಮಚ ಹಿಡಿದು, ಬಲಗೈಯ ಒಂದು ಬೆರಳಿನಿಂದ ಗಡಿಬಿಡಿಯಲ್ಲಿ ನಂಬರ್ ಒತ್ತಿದರು. ಒಂಬತ್ತೇ ಅಂಕಿ. ಗುಂಡಿ ಒತ್ತಿದ್ದೇ ತಡ, ಪುಟ ಕೆಂಪಾಗಿ ಗಡಗಡ ನಡುಗಿತು. ಸಾಹೇಬರು ಬೆಚ್ಚಿ ಹಾರಿದರು, ಚಮಚದ ಕೆಂಪು ರಸ್ಸಾ ಬಿಳಿ ಅಂಗಿಯ ಮೇಲೆ! ಅತ್ತೆ ಎದ್ದು, ಸಾಹೇಬರ ಹತ್ತಿರ ಹೋಗಿ, ಕಲೆಯ ನೇರಕ್ಕೆ ಅಂಗಿಯ ಅಂಚಿನ ಕಾಜಕ್ಕೆ ಹಳದಿ ದಾರ ಕಟ್ಟಿ ವಿನಯದಿಂದ ಹೇಳಿದಳು. "ಡಾಗ ಇಥೆ ಆಹೆ, ಸಾಹೇಬ." ಕಲೆ ಇಲ್ಲಿದೆ ಸಾಹೇಬರೇ!

ಆ ದಿನ ಸಂಜೆಯೇ ಕೆಂಪು ರದ್ದಾಯಿತು. ತ್ರಿಕೋನ ಹೋಯಿತು, ನಡುಕ ನಿಂತಿತು. ಈಗ ತಪ್ಪಾದ ಚೌಕದ ಅಂಚಿಗೆ ಒಂದು ಹಳದಿ ಗೆರೆ, ದಾರದಷ್ಟೇ ದಪ್ಪ, ಅದರ ಪಕ್ಕಕ್ಕೆ ಒಂದು ಸಾಲು ಮಾತು. ಮಾತುಗಳನ್ನು ಅತ್ತೆಯೇ ಹೇಳಿ ಬರೆಸಿದಳು. 'ನಂಬರಿನಾಗ ಒಂದ ಅಂಕಿ ಕಡಿಮಿ ಐತ್ರಿ, ಹತ್ತ ಇರಬೇಕ.' 'ಹುಟ್ಟಿದ ದಿನ ಬಿಟ್ಟೈತ್ರಿ. ಗೊತ್ತಿಲ್ಲಂದ್ರ ವರ್ಷಾ ಅಷ್ಟ ಬರೀರಿ.' ಮರಾಠಿಯಲ್ಲೂ ಹಾಗೆಯೇ ಮಾಡಿದೆವು.

ಮತ್ತೆ ಖಾತೆಗೆ ಹೋದೆವು. ರೊಟ್ಟಿ ಮುರಿದಿದ್ದ ಆ ಹಿರಿಯ ಹೆಂಗಸೇ ಮೊದಲು ಮುಂದೆ ಬಂದಳು. ತಪ್ಪಿದಳು, ಓದಿದಳು, ಸರಿ ಮಾಡಿದಳು. ಮತ್ತೆ ತಪ್ಪಿದಳು. ಮತ್ತೆ. ನನಗೆ ಅನುಮಾನ ಬಂತು. "ಅಮ್ಮಾ, ನೀವು ಬೇಕಂತನ ತಪ್ಪ ಮಾಡಾಕತ್ತೀರೇನ?"

ಹೆಂಗಸು ನಾಚಿದಳು. "ಎಷ್ಟ ಛಂದ ಮಾತಾಡತೈತಿ ನೋಡವ್ವಾ ಇದು! ನಲವತ್ತ ವರ್ಷ ಸಂಸಾರ ಮಾಡೇನಿ, ಮನ್ಯಾಗಿನ ಗಂಡಸ ಒಂದ ದಿನಾ ನನ್ನ ಕೂಡ ಹಿಂಗ ಮಾತಾಡಿಲ್ಲ."

ಅರ್ಜಿಗಳು ಹರಿದು ಬಂದವು. ಟ್ರಸ್ಟಿನವರು ಖುಷಿ, ಸಾಹೇಬರು ಖುಷಿ. ಸಾಹೇಬರು ಆ ದಾರವನ್ನು ಬಿಚ್ಚಿ ಪೆನ್ನಿಗೆ ಕಟ್ಟಿಕೊಂಡಿದ್ದರು. ಎಲ್ಲರೂ ತುಂಬಿದರು, ಒಬ್ಬಳನ್ನು ಬಿಟ್ಟು. ಯಾರೆಂದು ಹೇಳಬೇಕಿಲ್ಲವಷ್ಟೇ?

"ಅತ್ತಿ, ನಿಂದ ಭರಾ ಮಾಡೀ ಏನ?"

"ಮಾಡಾಕತ್ತೇನಿ."

"ಕೊಡ, ನಾ ಮಾಡ್ತೇನಿ. ಎರಡ ನಿಮಿಷದ ಕೆಲಸ."

"ನಂದ ನಾ ಮಾಡ್ತೇನಿ. ನೀ ಸುಮ್ನ ಕುಂಡ್ರ."

ಒಂದು ತಿಂಗಳು ಕಳೆದೇಹೋಯಿತು. ತಿಂಗಳ ಕೊನೆಗೆ ಅರ್ಜಿ ಮುಚ್ಚುತ್ತಿತ್ತು. ಅತ್ತೆಯ ಎಡಗಿವಿಯೂ ದಿನದಿಂದ ದಿನಕ್ಕೆ ಮಂಕಾಗುತ್ತಿತ್ತು, ಟೀವಿಯ ಸದ್ದಿಗೆ ಪಕ್ಕದ ಮನೆಯವರೂ ನಮ್ಮದೇ ಧಾರಾವಾಹಿ ಕೇಳಲು ಶುರು ಮಾಡಿದ್ದರು. ಹಿಂದಿನಿಂದ ಬಂದ ಸೈಕಲ್ಲಿನ ಗಂಟೆ ಕೇಳದೆ ಒಮ್ಮೆ ಬೀಳುವುದರಲ್ಲಿದ್ದಳು. ನನಗೆ ಭಯವಾಗುತ್ತಿತ್ತು, ಭಯವಾದಾಗ ನಾನು ಬೈಯುತ್ತೇನೆ. ದಿನಾ ಬೈದೆ. ದಿನಾ ಅವಳು "ಆಗತೈತಿ ಬಿಡ" ಎಂದಳು.

ಈ ನಡುವೆ ಒಂದು ತಮಾಷೆ. ಜನ ಯಾವ ಜಾಗದಲ್ಲಿ ಎಷ್ಟು ಸಲ ತಡೆದು ನಿಂತರು ಎಂಬ ಪಟ್ಟಿ ದಿನಾ ನನಗೆ ಬರುತ್ತದೆ. ಯಾರು ಎಂಬುದು ಬರುವುದಿಲ್ಲ, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದಷ್ಟೇ. ಕೊನೆಯ ಪುಟದಲ್ಲಿ, 'ಆಸ್ಪತ್ರೆಯವರು ಯಾರನ್ನು ಕರೆಯಬೇಕು? ಅವರು ನಿಮಗೆ ಏನಾಗಬೇಕು?' ಎಂಬಲ್ಲಿ, ದಿನಾ ಬೆಳಿಗ್ಗೆ ಯಾರೋ ಒಬ್ಬರು ಒಂದೇ ತಪ್ಪು ಮಾಡಿ ಗುಂಡಿ ಒತ್ತುತ್ತಿದ್ದರು. ನಲವತ್ತೊಂದು ಸಲ! ಅಲ್ಲಿ ಗಂಡ, ಮಗ, ಮಗಳು, ಸೊಸೆ, ಇತರೆ ಎಂದು ಆಯ್ಕೆಗಳಿದ್ದವು. ಹೆಂಗಸರು ಮಗ ಅಥವಾ ಮಗಳು ಎಂದು ಆರಿಸಿದರೆ ಗಂಡನ ಹೆಸರನ್ನೂ ಬರೆಯಬೇಕು ಎಂದು ನಾನು ನಿಯಮ ಹಾಕಿದ್ದೆ. ಟ್ರಸ್ಟಿನವರು ಅದನ್ನು ಕೇಳಿರಲಿಲ್ಲ. ಮಕ್ಕಳಿದ್ದರೆ ಗಂಡ ಇದ್ದೇ ಇರುತ್ತಾನಲ್ಲ, ಹಾಗಾಗಿ ನಾನೇ ಸೇರಿಸಿದ್ದು.

ಒಂದು ಬೆಳಿಗ್ಗೆ ಆ ಪಟ್ಟಿ ನೋಡಿ ಅತ್ತೆಗೆ ಹೇಳಿಕೊಂಡು ನಕ್ಕೆ. "ಯಾರೋ ಹಟಮಾರಿ ಅದಾಳ ನೋಡ ಬೇ. ನಲವತ್ತೊಂದ ಸಲಾ ಒಂದ ಗುಂಡಿ ಒತ್ಯಾಳ. ಇತರೆ ಅಂತ ಒತ್ತಿದ್ರ ಮುಗದಹೋಗತಿತ್ತು."

ಅತ್ತೆ ಕೊತ್ತಂಬರಿ ಸೋಸುತ್ತಿದ್ದಳು. "ಹೌದೇನ? ಯಾರೋ ಹುಚ್ಚಿ ಇರಬೇಕ ತಗೋ" ಎಂದಳು.

ಅವತ್ತೇ ಅರ್ಜಿಯ ಕೊನೆಯ ದಿನ. ಮಧ್ಯಾಹ್ನ ಅತ್ತೆ ಜೋಳ ಬೀಸಿಕೊಂಡು ಬರಲು ಗಿರಣಿಗೆ ಹೋಗಿದ್ದಳು, ಮೊಬೈಲು ಮನೆಯಲ್ಲೇ ಚಾರ್ಜಿಗಿತ್ತು. ಬೈದರೆ ಬೈಯಲಿ, ಇವತ್ತು ನಾನೇ ತುಂಬಿಬಿಡುತ್ತೇನೆ ಎಂದು ಕೈಗೆತ್ತಿಕೊಂಡೆ. ಮೊಬೈಲಿಗೆ ಅಡ್ಡಲಾಗಿ ಒಂದು ಹಳದಿ ದಾರ ಸುತ್ತಿತ್ತು. ಗಂಟು ಬಲ ಅಂಚಿಗೆ ಬಿದ್ದಿತ್ತು, ಕೆಳಗಿನಿಂದ ನಾಲ್ಕು ಬೆರಳು ಮೇಲೆ. ತೆರೆದರೆ ನನ್ನ ಫಾರ್ಮ್ ಕಾಣಿಸಿತು, ಕೊನೆಯ ಪುಟ. ಯಾರನ್ನು ಕರೆಯಬೇಕು ಎಂಬಲ್ಲಿ ನನ್ನ ಹೆಸರು. ಏನಾಗಬೇಕು ಎಂಬಲ್ಲಿ, ಮಗಳು. ಅದರ ಕೆಳಗೆ, ಸರಿಯಾಗಿ ಆ ಗಂಟಿನ ನೇರಕ್ಕೆ, ನಾನು ಅಷ್ಟು ಚಂದ ಮಾಡಿ ಉಡಿಸಿ ತೊಡಿಸಿದ್ದ ಸಾಲು. 'ಗಂಡನ ಹೆಸರ ಬಿಟ್ಟೈತ್ರಿ. ಬರದ ಮುಂದ ಹೋಗ್ರಿ.'

ನಾನು ಮೊಬೈಲು ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅತ್ತೆಗೆ ಬಂದ ಕೊನೆಯ ಸಂಬಂಧ ನನ್ನನ್ನು ಇಚಲಕರಂಜಿಗೆ ತಂದ ವರ್ಷವೇ ಮುರಿದದ್ದು, ಹುಡುಗಿಯನ್ನು ಅಪ್ಪನ ಹತ್ತಿರ ಬಿಟ್ಟು ಬಾ ಎಂದು ಆ ಗಂಡಸು ಹೇಳಿದ್ದ ಎಂದು ಅಪ್ಪ ಒಮ್ಮೆ ಹೇಳಿದ್ದ. ನಾನು ಆ ನಿಯಮ ಹಾಕುವಾಗ ಅದು ನನಗೆ ನೆನಪಾಗಲೇ ಇಲ್ಲ. ಇದೇ ಮನೆಯಲ್ಲಿ, ಇದೇ ಹೆಂಗಸು ಬಡಿಸಿದ ರೊಟ್ಟಿ ತಿನ್ನುತ್ತ ಹಾಕಿದ ನಿಯಮ ಅದು.

ಅತ್ತೆ ಹಿಟ್ಟಿನ ಡಬ್ಬಿ ಹೊತ್ತು ಬಂದಳು. ನನ್ನನ್ನೂ ಮೊಬೈಲನ್ನೂ ನೋಡಿ, ಡಬ್ಬಿ ಇಳಿಸಿ, ಸೆರಗಿನಿಂದ ಮುಖದ ಹಿಟ್ಟು ಒರೆಸಿಕೊಂಡಳು.

"ಇತರೆ ಅಂತ ಒತ್ತಿದ್ರ ಆಗತಿತ್ತಲ್ಲ ಬೇ ಅತ್ತಿ," ಎಂದೆ. "ನಿನ್ನ ಕಿವೀದು ಅದು. ಇವತ್ತ ಕಡೀ ದಿನ."

"ನೀ ನನಗ ಇತರೇನ?"

ಅತ್ತೆ ನನ್ನ ಪಕ್ಕ ಕೂತಳು.

"ಹೇಳಬೇಕಿತ್ತಲ್ಲ ಬೇ ಮತ್ತ, ನಿನ್ನ ಫಾರ್ಮಿನಾಗ ತಪ್ಪೈತಿ ಅಂತ!" ಎಂದೆ.

"ನೀ ಮಾಡಿದ್ದ ನಿನಗ ಕಾಣಂಗಿಲ್ಲ, ಗೊತ್ತೈತಿ ನನಗ. ಬೈದ್ರ ನಿನ್ನ ಕೈ ನಡಗತಾವು. ಅದಕ್ಕ ದಾರಾ ಕಟ್ಟಿ ಇಟ್ಟೇನಿ, ಇವತ್ತ ನೋಡ್ತಿ ಅಂತ."

ನನಗೆ ಅಳು ಬಂತು. ಮುಚ್ಚಿಟ್ಟುಕೊಳ್ಳುವುದೇನು, ಚಿಕ್ಕ ಹುಡುಗಿಯ ಹಾಗೆ ಅತ್ತುಬಿಟ್ಟೆ. ಮಾತನ್ನು ಎಷ್ಟು ಮೆತ್ತಗೆ ಮಾಡಿದ್ದೆ, ಬಣ್ಣ ಎಷ್ಟು ಹಿತವಾಗಿ ಆರಿಸಿದ್ದೆ! ನಲವತ್ತೊಂದು ಬೆಳಿಗ್ಗೆ ಆ ಮೆತ್ತನೆಯ ಮಾತಿನಲ್ಲೇ ನನ್ನ ಫಾರ್ಮ್ ಅವಳಿಗೆ ಇವಳು ನಿನ್ನ ಮಗಳಲ್ಲ ಎಂದಿತ್ತು. ಅತ್ತೆ ನನ್ನ ಬೆನ್ನ ಮೇಲೆ ಹಿಟ್ಟಿನ ಕೈ ಆಡಿಸುತ್ತ "ಸಾಕ ಸಾಕ, ಅರ್ಜಿ ಬಂದ್ ಆಗತೈತಿ, ಮೊದಲ ರಿಪೇರಿ ಮಾಡ" ಎಂದಳು.

ಲ್ಯಾಪ್‌ಟಾಪ್ ತೆರೆದು ಆ ನಿಯಮವನ್ನು ಕಿತ್ತು ಹಾಕಿದೆ. ಸಾಹೇಬರಿಗೆ ಆಮೇಲೆ ಹೇಳಿದೆ, ಅವರು ಸುಮ್ಮನೆ ಪೆನ್ನಿನ ದಾರ ಮುಟ್ಟಿಕೊಂಡರು. ಅತ್ತೆ ಕನ್ನಡಕ ಏರಿಸಿ, ನಲವತ್ತೆರಡನೆಯ ಸಲ ಗುಂಡಿ ಒತ್ತಿದಳು. 'ಎಲ್ಲಾ ಬರೋಬ್ಬರಿ ಐತ್ರಿ. ನಿಮ್ಮ ಅರ್ಜಿ ಮುಟ್ಟಿತ್ರಿ' ಎಂದು ಬಂತು. ಅತ್ತೆ ಅದನ್ನು ಎರಡು ಸಲ ಓದಿದಳು. ಸೊಂಟದ ಚೀಲದಿಂದ ಸಣ್ಣ ಕತ್ತರಿ ತೆಗೆದು, ಮೊಬೈಲಿನ ದಾರ ಕತ್ತರಿಸಿ, "ಪಾಸ್" ಎಂದಳು, ಮೂವತ್ತು ವರ್ಷ ಖಾತೆಯಲ್ಲಿ ಹೇಳುತ್ತಿದ್ದ ಹಾಗೆ, ದೊಡ್ಡ ದನಿಯಲ್ಲಿ. ನಂತರ ಹಿಟ್ಟು ಜರಡಿ ಹಿಡಿಯಲು ಕೂತಳು.

ನಾನು ಅವಳ ಬಲಕ್ಕೆ ಕೂತಿದ್ದೆ. "ಅವ್ವಾ" ಎಂದೆ. ಹುಟ್ಟಿದಾಗಿನಿಂದ ಅವಳನ್ನು ಹಾಗೆ ಕರೆದಿರಲಿಲ್ಲ. ಅವಳು ಜರಡಿ ಆಡಿಸುತ್ತಲೇ ಇದ್ದಳು, ಆ ಕಡೆಯಿಂದ ಅವಳಿಗೆ ಏನೂ ಕೇಳುವುದಿಲ್ಲ. ಎದ್ದು ಎಡಕ್ಕೆ ಹೋಗಿ ಹೇಳಬಹುದಿತ್ತು, ನಾಚಿಕೆಯಾಯಿತು. ಮುಂದಿನ ತಿಂಗಳು ಮಷೀನು ಬರುತ್ತದೆ. ಬಂದ ದಿನ ಇದೇ ಬಲಗಡೆ ಕೂತು ಮತ್ತೊಮ್ಮೆ ಕರೆಯುತ್ತೇನೆ.